ಮಂಡಿಗೆ ಏನು ಚುಚ್ಚಿದಿರಿ, ಬರೆದು ಕೊಡಿ

ಇವರಿಗೆ,
ಆಡಳಿತ ಮಂಡಳಿಯವರು,
ಮಂಡಿ ನೋವು ಚಿಕಿತ್ಸಾ ಕೇಂದ್ರ,
ತುಮಕೂರು.

ವಿಷಯ: ಗುಬ್ಬಿ ತಾಲ್ಲೂಕಿನ 67 ವರ್ಷದ ರೋಗಿಗೆ ಕೊಟ್ಟ ಇಂಜೆಕ್ಷನ್ನಿನ ಹೆಸರು, ಪ್ರಮಾಣ, ಬ್ಯಾಚ್ ನಂಬರ್ ಕೊಡಲು ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ಫೋನಿನಲ್ಲಿ ಕೇಳಿದ್ದಾಯಿತು, ವಾಟ್ಸಾಪಿನಲ್ಲಿ ಬಿಲ್ಲಿನ ಫೋಟೊ ಕಳಿಸಿದ್ದಾಯಿತು, "ಡಾಕ್ಟರು ಬಂದ್ಮೇಲೆ ಹೇಳ್ತೀವಿ" ಅನ್ನಿಸಿಕೊಂಡಿದ್ದೂ ಆಯಿತು. ಡಾಕ್ಟರು ಬರುವ ಲಕ್ಷಣ ಕಾಣದ್ದರಿಂದ ಈ ಪತ್ರ. ಕೇಳುತ್ತಿರುವುದು ಒಂದೇ ಪ್ರಶ್ನೆ: ನಮ್ಮ ತಾಯಿಯ ಎರಡು ಮಂಡಿಗೆ ನೀವು ಚುಚ್ಚಿದ್ದು ಏನು?

ಬಿಲ್ಲಿನಲ್ಲಿ "ಜೆಲ್ ಇಂಜೆಕ್ಷನ್ ಪ್ಯಾಕೇಜ್, ಎರಡೂ ಮಂಡಿ, 36,000 ರೂ." ಎಂದಿದೆ. ಚೀಟಿಯಲ್ಲಿ "ಮಂಡಿಯೊಳಗೆ ಇಂಜೆಕ್ಷನ್ ಕೊಡಲಾಗಿದೆ" ಎಂಬ ಒಂದೇ ಸಾಲು. ಔಷಧದ ಹೆಸರಿಲ್ಲ, ಎಷ್ಟು ಎಂಎಲ್ ಎಂದಿಲ್ಲ, ಬ್ಯಾಚ್ ಇಲ್ಲ, ಎಕ್ಸ್‌ಪೈರಿ ಇಲ್ಲ. ಇವೆಲ್ಲ ಡಬ್ಬಿಯ ಮೇಲೆ ಎಂಆರ್‌ಪಿ ಸಮೇತ ಅಚ್ಚಾಗಿರುತ್ತವೆ. ಆ ತುಂಡು ಕತ್ತರಿಸಿ ಕೇಸ್ ಶೀಟಿಗೆ ಅಂಟಿಸಲು ಬೇಕಾದದ್ದು ಒಂದು ಕತ್ತರಿ, ಸ್ವಲ್ಪ ಗೋಂದು. 36,000ದಲ್ಲಿ ಗೋಂದಿನ ಖರ್ಚು ಸೇರಿರಲಿಲ್ಲವೇನೋ.

ಅನುಮಾನ ಯಾಕೆ ಬಂತು ಎಂದು ಹೇಳುತ್ತೇನೆ. ಜೆಲ್ ಅಂದರೆ ಹಯಾಲುರಾನಿಕ್ ಆಮ್ಲ, ಕೀಲು ಜಾರುವಂತೆ ಮಾಡುವ ದ್ರವದಲ್ಲಿರುವ ವಸ್ತು, ಎಂದು ನಿಮಗೆ ತಿಳಿಸಬೇಕಿಲ್ಲ. ಅದು ಸಿರಿಂಜಿನಲ್ಲೇ ತುಂಬಿ ಬರುತ್ತದೆ. ವಾರಕ್ಕೊಂದರಂತೆ ಹಾಕುವ ಬಗೆ ಸಾಮಾನ್ಯವಾಗಿ 2 ಎಂಎಲ್, ಒಂದೇ ಸಲಕ್ಕೆ ಮುಗಿಸುವ ಬಗೆ ಕೆಲವು ಬ್ರ್ಯಾಂಡಿನಲ್ಲಿ 6 ಎಂಎಲ್. ಬಣ್ಣವಿಲ್ಲ, ಆಚೆಯದು ಈಚೆಗೆ ಕಾಣುತ್ತದೆ, ದಪ್ಪಗಿರುವುದರಿಂದ ಒತ್ತಿ ಇಳಿಸಬೇಕು. ನಮ್ಮ ತಾಯಿ ಕಣ್ಣಾರೆ ನೋಡಿದ್ದೇ ಬೇರೆ: ಸಿಸ್ಟರ್ ಒಂದು ಪುಟ್ಟ ಸೀಸೆಯನ್ನು ಚೆನ್ನಾಗಿ ಕುಲುಕಿ, ಸಾದಾ ಪ್ಲಾಸ್ಟಿಕ್ ಸಿರಿಂಜಿಗೆ ಎಳೆದುಕೊಂಡು, ಇನ್ನೊಂದು ಬಾಟಲಿಯಿಂದ ಮತ್ತೇನನ್ನೋ ಸೇರಿಸಿದರು. "ಸುಣ್ಣದ ನೀರಿನ ಹಂಗೆ ಬೆಳ್ಳಗಿತ್ತು" ಎನ್ನುತ್ತಾರೆ ಅಮ್ಮ. ಕುಲುಕಬೇಕಾದದ್ದು, ಬೆಳ್ಳಗಿರುವುದು, ನೋವು ಗೊತ್ತಾಗದಂತೆ ಮರಗಟ್ಟಿಸುವ ಲಿಗ್ನೊಕೇನ್ ಜೊತೆ ಬೆರೆಸುವುದು ಟ್ರೈಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್. ಅಂದರೆ ಸ್ಟೀರಾಯ್ಡ್. ಸೀಸೆಯ ಬೆಲೆ ಕೆಲವೇ ನೂರು ರೂಪಾಯಿ.

ಆಮೇಲಿನದೂ ಇದಕ್ಕೇ ಹೊಂದುತ್ತದೆ. ಜೆಲ್ ಕೆಲಸ ಮಾಡಿದರೂ ಕೆಲವು ವಾರ ಹಿಡಿಯುತ್ತದೆ; ಅಮ್ಮ ಅವತ್ತು ನಿಮ್ಮ ಮೆಟ್ಟಿಲನ್ನು ಸಲೀಸಾಗಿ ಇಳಿದರು, ಅದು ಲಿಗ್ನೊಕೇನಿನ ಗುಣ. ಮಾರನೆಯ ದಿನದಿಂದ, 150ರ ಆಸುಪಾಸಿನಲ್ಲಿರುತ್ತಿದ್ದ ಶುಗರ್ 300 ದಾಟಿ ನಾಲ್ಕೈದು ದಿನ ಕೆಳಗಿಳಿಯಲಿಲ್ಲ. ಮಾತ್ರೆ ಬದಲಾಗಿರಲಿಲ್ಲ, ಮುದ್ದೆ ಬದಲಾಗಿರಲಿಲ್ಲ. ಜೆಲ್ ಶುಗರ್ ಏರಿಸುವುದಿಲ್ಲ. ಮಂಡಿಗೆ ಹಾಕಿದ ಸ್ಟೀರಾಯ್ಡ್ ರಕ್ತಕ್ಕೂ ಸೇರಿ ಏರಿಸುತ್ತದೆ. ಒಂದೂವರೆ ತಿಂಗಳಿಗೆ ನೋವು ವಾಪಸ್. ಇನ್ನೊಂದು ಮಾತು: ಬಲ ಮಂಡಿ ನೀರು ತುಂಬಿ ಊದಿತ್ತು. ಚಿಪ್ಪಿನ ಮೇಲ್ಭಾಗದಲ್ಲಿ, ಹೊರಮಗ್ಗುಲಿನಿಂದ ಸೂಜಿ ಹಾಕಿ ಮೊದಲು ಆ ನೀರು ತೆಗೆಯಬೇಕು, ಇಲ್ಲದಿದ್ದರೆ ಹಾಕಿದ ಔಷಧ ಅದರಲ್ಲೇ ತೆಳುವಾಗುತ್ತದೆ. ನಿಮ್ಮಲ್ಲಿ ನೀರೂ ತೆಗೆಯಲಿಲ್ಲ.

ಸ್ಟೀರಾಯ್ಡ್ ಹಾಕಿದ್ದೇ ಅಪರಾಧ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ ಮಂಡಿ ಸವೆತಕ್ಕೆ ಅದನ್ನು ಬಲವಾಗಿಯೇ ಶಿಫಾರಸು ಮಾಡಿದೆ. ನಿಜ ಹೇಳಬೇಕೆಂದರೆ ಜೆಲ್ಲಿನ ಸ್ಥಿತಿಯೇ ಅದಕ್ಕಿಂತ ಕಷ್ಟ: ಅಲ್ಲಿನ ಮೂಳೆ ಡಾಕ್ಟರುಗಳ ಅಕಾಡೆಮಿ 2021ರಲ್ಲಿ ಅದನ್ನು ಮಾಮೂಲಾಗಿ ಬಳಸಬೇಡಿ ಎಂದಿತು, ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2022ರಲ್ಲಿ ಕೊಡಲೇಬೇಡಿ ಎಂದಿತು. ನನ್ನ ತಕರಾರು ಸ್ಟೀರಾಯ್ಡ್ ಹಾಕಿ ಜೆಲ್ಲಿನ ದುಡ್ಡು ಪಡೆದಿರಾ ಎಂಬುದು, ಶುಗರ್ ಇರುವವರಿಗೆ ಎರಡೂ ಮಂಡಿಗೆ ಒಂದೇ ದಿನ ಹಾಕಿ "ಒಂದು ವಾರ ಶುಗರ್ ನೋಡ್ಕೊಳ್ಳಿ" ಎಂಬ ಎಚ್ಚರಿಕೆಯನ್ನೂ ನುಂಗಿದಿರಾ ಎಂಬುದು. "ತಿಂಗಳು ತಿಂಗಳು ಬೂಸ್ಟರ್‌ಗೆ ಬನ್ನಿ" ಎಂದು ಮೆಸೇಜು ಬೇರೆ ಬರುತ್ತಿದೆ. ಮೂರು ತಿಂಗಳಿಗೊಮ್ಮೆ 40 ಮಿಲಿಗ್ರಾಂ ಟ್ರೈಯಾಮ್ಸಿನೊಲೋನ್ ಎರಡು ವರ್ಷ ಹಾಕಿ ನೋಡಿದ 2017ರ ಅಧ್ಯಯನದಲ್ಲೇ, ಔಷಧವಿಲ್ಲದ ಬರೀ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಮೃದ್ವಸ್ಥಿ, ಅಂದರೆ ಮೂಳೆ ತುದಿಯ ಮೆತ್ತೆ, ಹೆಚ್ಚು ಸವೆದಿತ್ತು. ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಈಗ ಬೆಂಗಳೂರಿನ ಸರ್ಜನ್ ಮಂಡಿ ಬದಲಾಯಿಸಲು ದಿನ ಗೊತ್ತು ಮಾಡಬೇಕಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಇತ್ತೀಚೆಗೆ ಮಂಡಿಯೊಳಗೆ ಏನಾದರೂ ಹಾಕಿಸಿದ್ದೀರಾ, ಏನು, ಯಾವತ್ತು ಎಂದು. ಸ್ಟೀರಾಯ್ಡ್ ಹಾಕಿ ಮೂರು ತಿಂಗಳಾಗುವ ಮೊದಲು ಕೀಲು ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚು. ಈ ಉತ್ತರಕ್ಕಾಗಿಯೇ ನಿಮ್ಮಲ್ಲಿಗೆ ಬಂದದ್ದು.

ಅವತ್ತಿನ ಮಾತುಕತೆ ನಿಮ್ಮ ಸಿಸಿಟಿವಿಯಲ್ಲಿ ಇದ್ದೀತು. ಅಳಿಸಿದ್ದರೆ ಇಲ್ಲಿದೆ.

ಕೇಸ್ ಶೀಟಿನ ಜೆರಾಕ್ಸ್ ಬೇಕೆಂದೆ. ಕೌಂಟರಿನ ಹುಡುಗಿ ತಲೆ ಎತ್ತದೆ, "ಬಿಲ್ ಕೊಟ್ಟಿದೀವಲ್ಲ ಸಾರ್" ಎಂದಳು.
"ಬಿಲ್ಲಲ್ಲಿ ಔಷಧದ ಹೆಸರಿಲ್ಲಮ್ಮ."
"ಜೆಲ್ ಅಂತ ಇದೆಯಲ್ಲ. ಜೆಲ್ಲೇ ಹೆಸರು."
"ಯಾವ ಕಂಪನಿ?"
"ಒಳ್ಳೆ ಕಂಪನಿ ಸಾರ್. ಫಾರಿನ್ನು."

ಅಷ್ಟರಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ನಿಮ್ಮ ಮ್ಯಾನೇಜರ್ ಹೊರಗೆ ಬಂದರು. ನನಗೆ ಉತ್ತರ ಹೇಳಲಿಲ್ಲ. ಹಾಲಿನ ಕೊನೆಯಲ್ಲಿ ಕೋಲು ಹಿಡಿದು ಕೂತಿದ್ದ ಅಮ್ಮನಿಗೆ ಎಲ್ಲರಿಗೂ ಕೇಳುವ ಹಾಗೆ, "ಏನಜ್ಜಿ, ನೋವು ಹೋಯ್ತೋ ಇಲ್ವೋ?" ಎಂದರು. ಅಮ್ಮ, "ಹೋಗಿತ್ತು ಕಣಪ್ಪ, ತಿರುಗ ಬಂತು" ಎಂದರು. "ತೂಕ ಎಷ್ಟು ನೀವು?" ಅಮ್ಮ ಸುಮ್ಮನಾದರು. ತೂಕದ ಮಿಷನ್ನನ್ನು ಕಾಲಿನಿಂದಲೇ ಹಾಲಿನ ನಡುವಿಗೆ ತಳ್ಳಿ, "ಹತ್ತಿ, ಹತ್ತಿ, ನಾಚ್ಕೋಬೇಡಿ" ಎಂದರು. ಅಮ್ಮ ಚಪ್ಪಲಿ ಬಿಟ್ಟು, ಕೋಲನ್ನು ನನ್ನ ಕೈಗೆ ಕೊಟ್ಟು ಹತ್ತಿದರು. "ಎಂಬತ್ತೆರಡು! ಇಷ್ಟು ಹೊತ್ಕೊಂಡು ಓಡಾಡಿದ್ರೆ ಯಾವ ಜೆಲ್ ತಡೆಯುತ್ತೆ ಅಜ್ಜಿ?" ಕೂತಿದ್ದವರಲ್ಲಿ ಇಬ್ಬರು ನಕ್ಕರು. ಅಮ್ಮ ಸೆರಗು ಎಳೆದುಕೊಂಡು ಕೆಳಗಿಳಿದರು. ಕೌಂಟರಿನ ಹುಡುಗಿ 82 ಎಂದು ಬರೆದುಕೊಂಡಳು. ತೂಕ ಬರೆಯಲು ನಿಮ್ಮಲ್ಲಿ ಪೆನ್ನಿದೆ, ಔಷಧದ ಹೆಸರು ಬರೆಯಲು ಇಲ್ಲ.

ಅಲ್ಲಿಗೂ ಬಿಡಲಿಲ್ಲ. "ಗೂಗಲ್ ನೋಡ್ಕೊಂಡು ಬಂದು ಡಾಕ್ಟರಿಗೇ ಪಾಠ ಹೇಳ್ತಾರೆ" ಎಂದು ನನಗೊಂದು ಬಿರುದು ಕೊಟ್ಟು, ಆಪರೇಷನ್ ಯಾಕೆ, ಸ್ಟೆಮ್ ಸೆಲ್ ಹಾಕಿಸಿ, ಒಂದು ಮಂಡಿಗೆ ಒಂದೂವರೆ ಲಕ್ಷ, ಈ ತಿಂಗಳು ಕಟ್ಟಿದರೆ ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇಂಜೆಕ್ಷನ್) ಫ್ರೀ ಎಂದರು. ದೇಶದ 2017ರ ಸ್ಟೆಮ್ ಸೆಲ್ ಮಾರ್ಗಸೂಚಿಯ ಪ್ರಕಾರ ಮಂಡಿ ಸವೆತಕ್ಕೆ ಅದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಬಿಟ್ಟು ಬೇರೆಲ್ಲೂ ಕೊಡುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಪಿಆರ್‌ಪಿ ವಿಷಯಕ್ಕೆ ಬಂದರೆ, 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ 288 ಜನರ ಪರೀಕ್ಷೆಯಲ್ಲಿ ಅದು ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಮೇಲೆನಿಸಲಿಲ್ಲ. ಹಾಗಾಗಿ ನೀವು ಇಟ್ಟ ಬೆಲೆ, ಅಂದರೆ ಫ್ರೀ, ಸರಿಯಾಗಿಯೇ ಇದೆ.

ನಿಮ್ಮದೇ ಗೋಡೆಯ ಮೇಲೆ ಫ್ರೇಮು ಹಾಕಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ದಾಖಲೆಯ ಪ್ರತಿ ಪಡೆಯುವ ಹಕ್ಕು ಇದೆ. ಕೆಳಗೇ ಕೂತಿದ್ದರಿಂದ ಪೂರ್ತಿ ಓದಿದೆ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಈ ಪತ್ರ ಕೈಸೇರಿದ ಹೊತ್ತಿನಿಂದ ಲೆಕ್ಕ ಹಿಡಿಯಿರಿ: ಕೇಸ್ ಶೀಟ್, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ, ಬ್ಯಾಚ್ ನಂಬರ್, ಆ ಬ್ಯಾಚನ್ನು ನೀವು ಖರೀದಿಸಿದ ಬಿಲ್. ಜೆಲ್ಲೇ ಹಾಕಿದ್ದರೆ ಇಷ್ಟು ಹುಡುಕಲು ಹತ್ತು ನಿಮಿಷ ಸಾಕು, ನಾನೂ ತೆಪ್ಪಗಾಗುತ್ತೇನೆ.

ಬರದಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಒಂದು ಅರ್ಜಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಇನ್ನೊಂದು. 5 ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಆದ್ದರಿಂದ ನಾನು ಹಿಂಜರಿಯುತ್ತೇನೆ ಎಂದುಕೊಳ್ಳಬೇಡಿ. ಅವತ್ತು ಹಾಲಿನಲ್ಲಿ ಕೂತಿದ್ದ ತಿಪಟೂರು, ಕುಣಿಗಲ್ ಕಡೆಯವರ ಫೋನ್ ನಂಬರುಗಳೂ ನನ್ನಲ್ಲಿವೆ. ಅವರಲ್ಲಿ ಶುಗರ್ ಇರುವವರು ಜೆಲ್ ಹಾಕಿಸಿಕೊಂಡ ವಾರದ ರೀಡಿಂಗ್ ಹುಡುಕಿ ತೆಗೆಯುತ್ತಿದ್ದಾರೆ. ಗುಬ್ಬಿಯಲ್ಲಿ ನಿಮ್ಮ ಮುಂದಿನ ಉಚಿತ ತಪಾಸಣಾ ಶಿಬಿರಕ್ಕೆ ಬ್ಯಾನರ್ ಕಟ್ಟಿರುವುದು ನೋಡಿದೆ. ಅವತ್ತು ಗೇಟಿನ ಹತ್ತಿರ ಈ ಪತ್ರದ ಜೆರಾಕ್ಸ್ ಹಂಚಲು ನಾನೇ ನಿಂತಿರುತ್ತೇನೆ.

ಇಂತಿ,
ರೋಗಿಯ ಮಗ,
ಗುಬ್ಬಿ ತಾಲ್ಲೂಕು