ನಾಗ್ರಾ ಅಣ್ಣನಿಗೆ, ಮತ್ತು ನಿಮ್ಮೆಲ್ಲರಿಗೆ

ಭಾನುವಾರದ ಪ್ರದರ್ಶನ ಆದಮೇಲೆ ಬಂದ ಫೋನು, ಮೆಸೇಜುಗಳಿಗೆ ಒಬ್ಬೊಬ್ಬರಿಗೇ ಉತ್ತರ ಕೊಡುವ ಶಕ್ತಿ ಈ ವಯಸ್ಸಿಗೆ ಇಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. 50 ವರ್ಷದ ಹಿಂದಿನ ಸಿನಿಮಾಕ್ಕೆ ಥಿಯೇಟರ್ ತುಂಬಿಸಿದಿರಿ. ಸೀಟು ಸಿಗದವರು ಮೆಟ್ಟಿಲ ಮೇಲೆ ಕೂತು ಕೊನೆಯವರೆಗೂ ನೋಡಿದಿರಿ. ಮೇಲುಕೋಟೆಯ ಕಲ್ಯಾಣಿ ಕೊಳದ ಹಾಡು ಬಂದಾಗ, ಆ ಸಿನಿಮಾ ಬಂದ ಕಾಲಕ್ಕೆ ಹುಟ್ಟೇ ಇರದಿದ್ದ ಹುಡುಗ ಹುಡುಗಿಯರು ಎರಡೂ ಚರಣ ತಪ್ಪಿಲ್ಲದೆ ಹಾಡಿದರು. ನನ್ನ ಕಾಲಿಗೆ ಬಿದ್ದು, ಅಜ್ಜೀ ನಿಮ್ಮ ಹಾಡು ಕೇಳಿಕೊಂಡೇ ನಮ್ಮಮ್ಮ ನನ್ನ ಮಲಗಿಸ್ತಿದ್ರು ಅಂದ ಮಗು, ನೀನು ಯಾರ ಮನೆಯದೋ ಗೊತ್ತಿಲ್ಲ, ನೂರು ವರ್ಷ ಚೆನ್ನಾಗಿರು.

ಆ ಪಾತ್ರವನ್ನು ನನ್ನ ಕೈಗಿತ್ತ ನಿರ್ದೇಶಕರು, ಮನೆ ಅಡವಿಟ್ಟು ದುಡ್ಡು ಹಾಕಿದ ನಿರ್ಮಾಪಕರು, ಸಂಗೀತ ನಿರ್ದೇಶಕರು, ಛಾಯಾಗ್ರಾಹಕರು, ನನ್ನ ತಂದೆಯ ಪಾತ್ರ ಮಾಡಿ ಸೆಟ್ಟಿನಲ್ಲೂ ಮಗಳೆಂದೇ ಕರೆದ ಹಿರಿಯರು, ಮೇಕಪ್ಪಿನವರು, ಲೈಟ್ ಬಾಯ್‌ಗಳು, ಅಡುಗೆಯವರು, ಇಷ್ಟು ವರ್ಷ ಪ್ರಿಂಟನ್ನು ತೇವ ತಾಗದಂತೆ ಕಾಪಾಡಿದ ಆ ಹಳೇ ಟೂರಿಂಗ್ ಟಾಕೀಸಿನ ಮನೆಯವರು, ಅದನ್ನು ಫ್ರೇಮು ಫ್ರೇಮಾಗಿ ಸ್ವಚ್ಛ ಮಾಡಿದ ಹುಡುಗರು, ಇವರೆಲ್ಲರಿಗೂ ಸಾಷ್ಟಾಂಗ ನಮಸ್ಕಾರ. ಬಹಳ ಜನ ಈಗ ಇಲ್ಲ. ಇದ್ದವರಿಗೆ ನಾನೇ ಬಂದು ಕಾಣುತ್ತೇನೆ.

ನನಗೆ ದನಿ ಕೊಟ್ಟ ಗಾಯಕಿಗೆ ಬೇರೆಯಾಗಿ ಹೇಳಬೇಕು. ಅಮ್ಮಾ, ಆ ಹಾಡು ನಿಮ್ಮದು. ಎಲ್ಲಿ ಹೋದರೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆಗಿನ ರೆಕಾರ್ಡಿಂಗ್ ಅಂದರೆ ಈಗಿನ ಹಾಗೆ ಸಾಲು ಸಾಲಾಗಿ ಹಾಡಿ ಜೋಡಿಸುವುದಲ್ಲ. ಪಿಟೀಲಿನವರಿಂದ ತಬಲಾದವರವರೆಗೆ ಅಷ್ಟೂ ಜನ ಒಟ್ಟಿಗೆ ಕೂತು, ಒಬ್ಬರದು ಒಂದು ಸ್ವರ ತಪ್ಪಿದರೂ ಎಲ್ಲರೂ ಮೊದಲಿಂದ. ಅಂಥಾದ್ದರಲ್ಲಿ ಕೊನೆಯ ಆ ಆಲಾಪನೆಯನ್ನು ಅಷ್ಟು ನಿರಾಳವಾಗಿ ಹಾಡಿದ್ದೀರಿ.

ಇನ್ನು ನಾಗ್ರಾ ಅಣ್ಣ, ಶೂಟಿಂಗಿನಲ್ಲಿ ಹಾಡಿನ ಟೇಪು ಓಡಿಸುತ್ತಿದ್ದವರು.

ವೇದಿಕೆಯ ಮೇಲೆ ಅವರ ವಿಷಯ ಹೇಳಬೇಕೆಂದೇ ಎದ್ದೆ. ಹೆಸರು ಬಾಯಿಗೆ ಬಂದೊಡನೆ ಗಂಟಲು ಕಟ್ಟಿ ಕೂತುಬಿಟ್ಟೆ. ಬರೆಯುವುದಕ್ಕೆ ಗಂಟಲು ಬೇಕಿಲ್ಲವಲ್ಲ, ಇಲ್ಲಿ ಪೂರಾ ಹೇಳುತ್ತೇನೆ.

ನನ್ನ ಗಂಟಲಿನ ಕಥೆ ಹತ್ತಿರದವರಿಗೆಲ್ಲ ಗೊತ್ತು, ಆಸ್ಪತ್ರೆ ಔಷಧದ ಮಾತು ಬೇಡ. ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಾನು ಕಂಪನಿ ನಾಟಕದವಳು. ಮೈಕು ಇರಲಿ, ಇಲ್ಲದಿರಲಿ, ಕಟ್ಟಕಡೆಗೆ ನೆಲದ ಮೇಲೆ ಕೂತವನಿಗೂ ಕೇಳುವ ಹಾಗೆ ಹಾಡಿ ಬೆಳೆದವಳು. ಕಾಲುಪೆಟ್ಟಿಗೆಯ, ಅಂದರೆ ಕಾಲಿನಿಂದ ತುಳಿಯುವ ಹಾರ್ಮೋನಿಯಂನ ಮಾಸ್ತರರು ಸಂಜೆ ಕಪ್ಪು ನಾಲ್ಕು ಎಂಬ ಎತ್ತರದ ಶ್ರುತಿ ಹಿಡಿದರೆ ನಸುಕಿನವರೆಗೂ ಅದೇ ಶ್ರುತಿ. ಒನ್ಸ್ ಮೋರ್ ಬಂತೋ, ಮತ್ತೆ ಮೊದಲಿಂದ. ಜಾತ್ರೆ ಕ್ಯಾಂಪಿನಲ್ಲಿ ದಿನಕ್ಕೆ ಎರಡು ಆಟ. ಸಿನಿಮಾ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಹಾಡುವ ದನಿ ಹೋಗಿತ್ತು, ಮಾತಾಡುವ ದನಿ ಉಳಿದಿತ್ತು. ಸಿಕ್ಕ ಪಾತ್ರವೋ, ಹಾಡೇ ಉಸಿರಾಗಿರುವ ಹೆಣ್ಣಿನದು.

ಸಂಗೀತವನ್ನೇ ಬೆನ್ನೆಲುಬು ಮಾಡಿಕೊಂಡ ಸಿನಿಮಾಕ್ಕೆ ಆಗ ನಮ್ಮಲ್ಲಿ ಗೌರವವಿತ್ತು. ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರು ‘ಸಂಧ್ಯಾರಾಗ’ಕ್ಕೆ ಹಾಡಿದ್ದು 1966ರಲ್ಲಿ. 1975ರಲ್ಲಿ ‘ಹಂಸಗೀತೆ’ ಬಂತು, ಬಾಲಮುರಳಿಕೃಷ್ಣ ಅವರಿಗೆ ಅದರ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ನಿರ್ದೇಶಕರೂ ಹಾಡಿನ ಮೇಲೆಯೇ ಕಥೆ ನಿಲ್ಲಿಸಿದ್ದರು. ಹಾಗಾಗಿ ಹಾಡಿನಲ್ಲಿ ನನ್ನ ಮುಖ ಸುಳ್ಳು ಹೇಳಿದರೆ ಇಡೀ ಸಿನಿಮಾವೇ ಸುಳ್ಳು. ಇದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಗ ಹಾಡಿನ ಶೂಟಿಂಗ್ ಹೇಗೆ ನಡೆಯುತ್ತಿತ್ತು ಎಂದು ಈಗಿನ ಮಕ್ಕಳಿಗೆ ಹೇಳುತ್ತೇನೆ. ಮದರಾಸಿನಲ್ಲಿ ರೆಕಾರ್ಡ್ ಆದ ಹಾಡನ್ನು ಟೇಪಿಗೆ ಇಳಿಸಿಕೊಂಡು ಬರುತ್ತಿದ್ದರು. ಸೆಟ್ಟಿನಲ್ಲಿ ಅದನ್ನು ಗಟ್ಟಿಯಾಗಿ ಹಾಕುತ್ತಿದ್ದರು, ಕಲಾವಿದರು ಅದಕ್ಕೆ ಸರಿಯಾಗಿ ಬಾಯಿ ಆಡಿಸಬೇಕಿತ್ತು. ಆ ಟೇಪು ಓಡಿಸುವ ಯಂತ್ರವೇ ನಾಗ್ರಾ, ಸ್ವಿಟ್ಜರ್ಲೆಂಡಿನದು. 12 ಟಾರ್ಚ್ ಸೆಲ್ ಹಾಕಿದರೆ ಬೆಟ್ಟದ ಮೇಲಾದರೂ ಓಡುತ್ತದೆ, ವೇಗ ಕದಲುವುದಿಲ್ಲ. ವೇಗ ಕದಲಿದರೆ ಆಮೇಲೆ ಎಡಿಟಿಂಗ್ ಟೇಬಲ್ಲಿನ ಮೇಲೆ ತುಟಿ ಒಂದು ಕಡೆ, ಹಾಡು ಒಂದು ಕಡೆ ಆಗುತ್ತದೆ. ಔಟ್‌ಡೋರ್ ಯೂನಿಟ್ಟಿನ ಜೊತೆ ಆ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಬಂದವರು ಇವರು. ಮೈಸೂರು ಸೀಮೆಯವರು, ಮದರಾಸಿನಲ್ಲಿ ನೆಲೆಸಿದ್ದರು. ಯೂನಿಟ್ಟಿನಲ್ಲಿ ಎಲ್ಲರೂ ನಾಗ್ರಾ ಅಣ್ಣ ಅಂತಲೇ ಕರೆಯುತ್ತಿದ್ದೆವು.

ಒಳಾಂಗಣವೆಲ್ಲ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ 1989ರ ಬೆಂಕಿಯಲ್ಲಿ ಹೋಯಿತು, 60ಕ್ಕೂ ಹೆಚ್ಚು ಜೀವ ತೆಗೆದುಕೊಂಡು ಹೋಯಿತು. ಅಲ್ಲಿ ಬಣ್ಣ ಹಚ್ಚಿದ ಯಾರಿಗೂ ಅದನ್ನು ನೆನೆದರೆ ಕರುಳು ಕಿವುಚಿದಂತಾಗುತ್ತದೆ. ಅಲ್ಲಿಯ ಸಣ್ಣಪುಟ್ಟ ಹಾಡುಗಳನ್ನು ಹೇಗೋ ದಾಟಿಸಿದ್ದೆ. ದೂರದ ಶಾಟು, ತಿರುಗಿದ ಮುಖ, ನಡುವೆ ಕಟ್. ಆದರೆ ಮೇಲುಕೋಟೆಯ ಕಲ್ಯಾಣಿಯ ಹಾಡಿನ ಕೊನೆಗೆ ನಿರ್ದೇಶಕರು ಬೇರೆಯದನ್ನೇ ಯೋಚಿಸಿದ್ದರು. ಸೂರ್ಯ ಹುಟ್ಟುವ ಹೊತ್ತಿಗೆ ನಾನು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿರಬೇಕು. ಎರಡನೇ ಚರಣದಿಂದ ಆಲಾಪನೆ ಮುಗಿಯುವವರೆಗೂ ಕ್ಯಾಮರಾ ನನ್ನ ಮುಖ ಬಿಟ್ಟು ಅಲುಗಬಾರದು. ಒಂದೇ ಶಾಟು. ಕ್ಯಾಮರಾಕ್ಕೆ ಹಾಕುವ ಫಿಲ್ಮಿನ ಡಬ್ಬಿ, ಅಂದರೆ 400 ಅಡಿಯ ಮ್ಯಾಗಜೀನು, ಓಡುವುದೇ ನಾಲ್ಕೂವರೆ ನಿಮಿಷದ ಒಳಗೆ. ಕಪ್ಪು-ಬಿಳುಪಿನ ಫಿಲ್ಮಾದರೆ ಊಟಿಯಲ್ಲೇ ತಯಾರಾಗುತ್ತಿತ್ತು, ನಮ್ಮದು ಬಣ್ಣದ್ದು. ಅದು ಹೊರದೇಶದಿಂದ ಬರಬೇಕಿತ್ತು, ಬೇಕೆಂದಾಗ ಸಿಗುತ್ತಿರಲಿಲ್ಲ. ಮೇಲಾಗಿ ಆ ಬೆಳಕು ಇರುವುದೇ ಸ್ವಲ್ಪ ಹೊತ್ತು. ಇನ್ನೊಂದು ಟೇಕ್ ಇದೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಹಿಂದಿನ ಸಂಜೆ ರಿಹರ್ಸಲ್ಲಿನಲ್ಲಿ ಹಾಡು ಹಾಕಿದರು. ಪಲ್ಲವಿ ಬಂತು, ನನ್ನ ಬಾಯಿ ತೆರೆಯಲಿಲ್ಲ. ಸಾಲು ಮರೆತಿದ್ದಲ್ಲ, ತಾಳ ತಪ್ಪಿದ್ದೂ ಅಲ್ಲ. ನನ್ನ ಎದೆಯಲ್ಲಿ ಇದ್ದ ಜಾಗ ಜಾಗವನ್ನೂ ಇನ್ನೊಬ್ಬರ ದನಿ ಮುಟ್ಟಿಕೊಂಡು ಹೋಗುತ್ತಿತ್ತು, ನಾನು ಕಲ್ಲಾಗಿ ನಿಂತಿದ್ದೆ. ನಿರ್ದೇಶಕರು ಬೈಯಲಿಲ್ಲ. ಹೋಗಿ ಮಲಗಮ್ಮ, ಬೆಳಗ್ಗೆ ನೋಡೋಣ ಅಂದರು. ಅದು ಬೈದದ್ದಕ್ಕಿಂತ ಹೆಚ್ಚು ತಾಗಿತು.

ನಾವು ಇಳಿದುಕೊಂಡಿದ್ದದ್ದು ಒಂದು ಛತ್ರದಲ್ಲಿ. ಎಲ್ಲರೂ ಮಲಗಿದ ಮೇಲೆ ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಅಣ್ಣ ಯಂತ್ರ ಹೊತ್ತುಕೊಂಡು ಬಂದರು. ಪಕ್ಕದಲ್ಲಿ ಇಟ್ಟು ಕಾಗದದ ಪೊಟ್ಟಣ ಬಿಚ್ಚಿದರು, ಹೊಸ ಸೆಲ್ಲುಗಳು. ಕಂಪನಿಯ ಸೆಲ್ಲು ಬೆಳಗಿನ ಶಾಟಿಗೆ ಬೇಕು ಎಂದು, ಅಂಗಡಿಯವನನ್ನು ಎಬ್ಬಿಸಿ ತಮ್ಮ ದುಡ್ಡಿನಲ್ಲಿ ತಂದಿದ್ದರು.

“ತುಟಿ ಬಿಡಮ್ಮಾ. ತುಟಿ ಯಾರು ಬೇಕಾದ್ರೂ ಆಡಿಸ್ತಾರೆ. ಉಸಿರು ಹಿಡಿ” ಅಂದರು.

ಸ್ಪೀಕರು ಸಣ್ಣ ದನಿಗೆ ಇಳಿಸಿ ನನ್ನ ಕಿವಿಯನ್ನು ಅದಕ್ಕೆ ಹಚ್ಚಿಸಿದರು. ಒಂದು ಸಾಲು ಮುಗಿದೊಡನೆ ಯಂತ್ರ ನಿಲ್ಲಿಸಿ ಎರಡು ಬೆರಳಿನಿಂದ ಸುರುಳಿಯನ್ನು ಹಿಂದಕ್ಕೆ, ಮುಂದಕ್ಕೆ ಮೆಲ್ಲಗೆ ತಿರುಗಿಸಿದರು. ಆಗ ಹಾಡು ಕಿವಿಯಿಂದ ಮರೆಯಾಗಿ, ಗಾಯಕಿ ಉಸಿರು ಎಳೆದುಕೊಂಡ ಸದ್ದೊಂದೇ ಕೇಳಿತು. ಸಾಹಿತ್ಯದ ಹಾಳೆಯ ಮೇಲೆ ಅಲ್ಲಿಗೆ ಪೆನ್ಸಿಲ್ಲಿನಿಂದ ಒಂದು ಸಣ್ಣ ಗೆರೆ. ಮತ್ತೆ ಮುಂದಿನ ಸಾಲು. ಹೀಗೆ ಇಡೀ ಚರಣ. ಎಲ್ಲಿ ತುಂಬು ಉಸಿರು, ಎಲ್ಲಿ ಅರ್ಧ, ಎಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಹೊರಳಿಸಿ ಹಾಡುವ ಸಂಗತಿಯ ನಡುವೆ ಯಾರಿಗೂ ತಿಳಿಯದ ಹಾಗೆ ಕದ್ದು ಎಳೆದ ಚೂರು ಉಸಿರು, ಎಲ್ಲವನ್ನೂ ಹುಡುಕಿ ಗೆರೆ ಎಳೆದರು. “ಇಲ್ಲಿ ಅವರ ಭುಜ ಎದ್ದಿರುತ್ತೆ, ನಿನ್ನದೂ ಏಳಲಿ. ಇಲ್ಲಿ ಎದೆ ಖಾಲಿ ಆಗಿರುತ್ತೆ, ಮುಖದಲ್ಲಿ ಆ ಸುಸ್ತು ಬರಲಿ.” ಪರದೆಯ ಮುಂದೆ ಕೂತವರು ಬಾಯಿ ನೋಡುವುದಿಲ್ಲ, ಕುತ್ತಿಗೆ ನೋಡುತ್ತಾರೆ ಎಂದು ಅವತ್ತು ತಿಳಿಯಿತು. ಈಗ ರಂಗಶಾಲೆಗಳಿಗೆ ಹೋದಾಗ ಮಕ್ಕಳಿಗೆ ಇದನ್ನೇ ಕಲಿಸುತ್ತೇನೆ.

ನಡುವೆ ರಾಜಕುಮಾರ್ ಅವರ ಮಾತು ಬಂತು. ಗುಬ್ಬಿ ಕಂಪನಿಯಲ್ಲಿ ಪಳಗಿದವರು, ಹಾಡು ಬಲ್ಲವರು. ಆದರೂ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್ ಅವರ ದನಿಗೇ ಅಷ್ಟು ವರ್ಷ ಮುಖ ಕೊಟ್ಟರಲ್ಲ, 1974ರಲ್ಲಿ ‘ಸಂಪತ್ತಿಗೆ ಸವಾಲ್’ಗೆ ತಾವೇ ಹಾಡುವವರೆಗೂ ಎಂದು ಅಣ್ಣ ನೆನಪಿಸಿದರು. ಸಮಾಧಾನಕ್ಕೆ ಹೇಳಿದ್ದು. ಆದರೆ ನನಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. ಅವರಿಗೆ ದನಿ ಇತ್ತು, ಬೇಕೆಂದಾಗ ಹಾಡಿದರು. ನನಗೆಲ್ಲಿದೆ?

“ಅಣ್ಣಾ, ಈ ಹಾಡು ನಂದ ಆಗಬೇಕಿತ್ತು” ಅಂದೆ. ಗಂಟಲು ಹೋದಾಗಿನಿಂದ ಅವ್ವನ ಮುಂದೆಯೂ ಹೇಳದ ಮಾತು. ಹೇಳಿ ಅತ್ತೆ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ, ಒಳಗೆ ಮಲಗಿದವರು ಏಳಬಾರದೆಂದು.

ಅಣ್ಣ ಅಳಬೇಡ ಅನ್ನಲಿಲ್ಲ. ಯಂತ್ರ ಬಂದ್ ಮಾಡಿದರು. ಹೊಟ್ಟೆಯ ಕಡೆ ತಿರುಗಿಸಿ ಮುಚ್ಚಳ ತೆಗೆದು ಸೆಲ್ಲುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಯಾಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ನಾಗ್ರಾ ಹಾಡು ಕೇಳಿಸುವ ಯಂತ್ರ ಮಾತ್ರವಲ್ಲ, ದನಿ ಹಿಡಿಯುವ ಯಂತ್ರವೂ ಹೌದು.

“ಈಗ ಹಾಡು. ಇದರಲ್ಲಿ ಏನೂ ಉಳಿಯಲ್ಲ” ಅಂದರು.

ಹಾಡಿದೆ. ಒಂದು ಸಾಲು. ಅರ್ಧ ಗಾಳಿ, ಅರ್ಧ ದನಿ, ಮೇಲಿನ ಷಡ್ಜದ ಹತ್ತಿರ ಒಡೆದು ನಿಂತಿತು. ವೈದ್ಯರು ಬೇಡ ಅಂದಮೇಲೆ ಹಾಡು ಎಂದು ಕೇಳಿದವರು ಅವರೊಬ್ಬರೇ. ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೇಳಿದರು. ಚೆನ್ನಾಗಿದೆ ಅಂತ ಸುಳ್ಳು ಹೇಳಲಿಲ್ಲ, ಪಾಪ ಅನ್ನಲಿಲ್ಲ. “ಕೇಳಿಸ್ತಮ್ಮಾ” ಅಂದರು. ಮತ್ತೆ ಸೆಲ್ಲು ತುಂಬಿದರು. ಮತ್ತೆ ಎರಡನೇ ಚರಣ.

ನೀವು ಭಾನುವಾರ ನೋಡಿದ್ದು ಆ ಬೆಳಗಿನ ಮೊದಲ ಟೇಕ್. ಆಲಾಪನೆಯ ನಡುವೆ ನನ್ನ ಕುತ್ತಿಗೆಯ ನರ ಉಬ್ಬುವುದನ್ನು, ಕೊನೆಗೆ ಭುಜ ಇಳಿಯುವುದನ್ನು ಎಷ್ಟೋ ವಿಮರ್ಶಕರು ಹೊಗಳಿ ಬರೆದರು. ಅದು ಛತ್ರದ ಜಗಲಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿದ್ದು. ಟೇಕ್ ಓಕೆ ಆದಾಗ ಎಲ್ಲರೂ ನನ್ನ ಸುತ್ತ ಸೇರಿದರು. ಅಣ್ಣ ಮೆಟ್ಟಿಲ ಮೇಲೆ ಕೇಬಲ್ ಸುತ್ತಿಕೊಳ್ಳುತ್ತಿದ್ದರು.

ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿಲ್ಲ. ಔಟ್‌ಡೋರ್ ಯೂನಿಟ್ಟಿನ ಹೆಸರಷ್ಟೇ ಇದೆ, ಆಗಿನ ಪದ್ಧತಿ ಹಾಗೆ. ನನಗೆ ಪ್ರಶಸ್ತಿ ಬಂದಾಗ ಮದರಾಸಿಗೆ ಹೋಗಿ ಅವರ ಮನೆಯಲ್ಲಿ ಊಟ ಮಾಡಿ ಬಂದೆ. ಆಮೇಲೆ ನಾನು ಸಿನಿಮಾ ಕಡಿಮೆ ಮಾಡಿದೆ, ಅವರು ಬೇರೆ ಬೇರೆ ಭಾಷೆಯ ಯೂನಿಟ್ಟುಗಳಲ್ಲಿ ಊರೂರು ಸುತ್ತಿದರು. ಯುಗಾದಿಗೆ ಕಾಗದ ಬರೆಯುತ್ತಿದ್ದರು. ಒಂದು ಯುಗಾದಿಗೆ ಕಾಗದ ಅವರ ಮಗಳ ಕೈಬರಹದಲ್ಲಿ ಬಂತು.

ಅಣ್ಣಾ, ಈ ಸಿನಿಮಾದಿಂದ ನನಗೆ ಮನೆ ಆಯಿತು, ಮಕ್ಕಳ ಓದು ಆಯಿತು, ಹೋದಲ್ಲೆಲ್ಲ ಮರ್ಯಾದೆ ಸಿಕ್ಕಿತು. ಅದೆಲ್ಲದರ ಲೆಕ್ಕ ಜನಕ್ಕೆ ಗೊತ್ತಿದೆ. ನೀವು ಕೊಟ್ಟದ್ದು ಯಾರಿಗೂ ಗೊತ್ತಿಲ್ಲದ್ದು. ಹೋದ ದನಿಯನ್ನು ಒಬ್ಬರಾದರೂ ಕೇಳಿದರು ಎಂಬ ಧೈರ್ಯದ ಮೇಲೆ ನಾನು ಆಮೇಲಿನ ಬದುಕೆಲ್ಲ ಮಾತಾಡಿದ್ದೇನೆ, ಪಾತ್ರ ಮಾಡಿದ್ದೇನೆ, ಪಾಠ ಹೇಳಿದ್ದೇನೆ. ನಿಮ್ಮೆದುರು ಕೂತು ಇದನ್ನು ಹೇಳಲು ಆಗಲೇ ಇಲ್ಲ. ಹೇಳಹೊರಟಾಗಲೆಲ್ಲ ಊಟ ಬಡಿಸಮ್ಮ ಎಂದು ಅತ್ತಿಗೆಗೆ ಕೂಗಿ ನನ್ನ ಬಾಯಿ ಕಟ್ಟಿಸುತ್ತಿದ್ದಿರಿ.

ಒಂದು ವಿಷಯ ತಿಳಿಸಿ ಮುಗಿಸುತ್ತೇನೆ. ಪ್ರಿಂಟ್ ಸರಿಪಡಿಸಿದ ಹುಡುಗರ ಹತ್ತಿರ ಕೇಳಿಕೊಂಡೆ, ಅವರು ಒಪ್ಪಿದ್ದಾರೆ. ಹಳೇ ಟೈಟಲ್ ಮುಟ್ಟುವುದಿಲ್ಲ, ಸಿನಿಮಾ ಮುಗಿದ ಮೇಲೆ ಒಂದು ಹೊಸ ಕಾರ್ಡ್ ಬರುತ್ತದೆ. ಅದರಲ್ಲಿ ಅಣ್ಣನ ಪೂರ್ತಿ ಹೆಸರು, ಅಪ್ಪ ಇಟ್ಟ ಹೆಸರು ಇರುತ್ತದೆ. ಮುಂದಿನ ತಿಂಗಳು ಮೈಸೂರಿನ ಪ್ರದರ್ಶನದಿಂದ ಅದು ಶುರು. ಅವರ ಮಗಳು ಅಲ್ಲಿಗೆ ಬರುತ್ತಿದ್ದಾರೆ, ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ಫೋಟೋ ತೆಗೆಸಿಕೊಳ್ಳಲು ಬರುವವರು ದಯವಿಟ್ಟು ಮೊದಲು ಅವರನ್ನು ಮಾತಾಡಿಸಿ. ನಾನು ಕಾಯುತ್ತೇನೆ.