ಸಹಿ ಯಾರದು, ಮಾತು ಯಾರದು?

ನಮಸ್ಕಾರ. ಈ ಸಲದ ಸಂಪಾದಕೀಯ ಮೆಲ್ಬರ್ನ್‌ನಲ್ಲಿ ಕೂತು ಬರೆದದ್ದಲ್ಲ. ರಜೆಗೆ ಹುಬ್ಬಳ್ಳಿಗೆ ಬಂದಿದ್ದೇನೆ. ವಿದ್ಯಾನಗರದಲ್ಲಿ ಚಿಗವ್ವನ ಮನೆಯ ಪಡಸಾಲೆ, ಪಕ್ಕದಲ್ಲಿ ಗಿರಮಿಟ್ ತಟ್ಟೆ, ದೂರದಲ್ಲಿ ಚಿಗರಿ ಬಸ್ಸಿನ ಸದ್ದು. ಇಂಥ ಜಾಗದಲ್ಲಿ ಗಂಭೀರವಾಗಿ ಬರೆಯೋದು ಕಷ್ಟ, ಆದರೂ ನೋಡೋಣ.

ಹೋದ ತಿಂಗಳು ನಮ್ಮ ಕನ್ನಡ ಸಂಘದ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಇತ್ತು, ನೆನಪಿದೆಯಾ? ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಯಾರು? ಐದು ತಂಡಗಳಲ್ಲಿ ಮೂರು ಇಂದಿರಾ ಗಾಂಧಿ ಅಂದವು, ಒಂದು ಮಾರ್ಗರೆಟ್ ಥ್ಯಾಚರ್ ಅಂದಿತು. ಸರಿ ಉತ್ತರ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಸಿರಿಮಾವೋ ಬಂಡಾರನಾಯಕೆ. ಹತ್ತು ಅಂಕ, ಮುಂದಿನ ಪ್ರಶ್ನೆ. ಆ ಹೆಸರಿನಾಚೆ ಯಾರಿಗೂ ಏನೂ ಗೊತ್ತಿರಲಿಲ್ಲ. ಪ್ರಶ್ನೆ ಬರೆದ ನನಗೂ ಗೊತ್ತಿರಲಿಲ್ಲ ಅನ್ನಿ.

ಇದನ್ನು ಚಿಗವ್ವನಿಗೆ ಹೇಳಿದೆ. "ಗಂಡ ಸತ್ತಮ್ಯಾಲ ಬಂದಾಕಿ ಇರಬೇಕು, ಅಲ್ಲೇನು?" ಅಂದಳು. ಪುಸ್ತಕ ಓದಿ ಹೇಳಿದ್ದಲ್ಲ, ಸುಮ್ನೆ ಅಂದಾಜು. ಆದರೆ ಅಂದಾಜು ಸರಿ ಇತ್ತು.

1959ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಎಸ್.ಡಬ್ಲ್ಯೂ.ಆರ್.ಡಿ. ಬಂಡಾರನಾಯಕೆ ಅವರಿಗೆ ಅವರ ಮನೆಯಲ್ಲೇ ಒಬ್ಬ ಬೌದ್ಧ ಭಿಕ್ಷು ಗುಂಡು ಹೊಡೆದ. ಮರುದಿನ ಅವರು ತೀರಿಕೊಂಡರು. ಹೆಂಡತಿ ಸಿರಿಮಾವೋ ಅವರಿಗೆ ಆಗ 43 ವರ್ಷ, ಮೂರು ಮಕ್ಕಳು. ಪಕ್ಷ ಚೂರಾಗುವ ಹಾಗಿತ್ತು. 1960ರ ಮಾರ್ಚ್ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಜುಲೈನಲ್ಲಿ ಮತ್ತೆ ಚುನಾವಣೆ ಆಯಿತು. ಪ್ರಚಾರ ಸಭೆಗಳಲ್ಲಿ ಗಂಡನ ಹಳೇ ಭಾಷಣಗಳ ಟೇಪು ಹಾಕುತ್ತಿದ್ದರು, ಈಕೆ ಮಾತಾಡುವಾಗ ಕಣ್ಣೀರು ಹಾಕುತ್ತಿದ್ದರು, ಎದುರಾಳಿಗಳು "ಅಳುವ ವಿಧವೆ" ಅಂತ ಹಂಗಿಸುತ್ತಿದ್ದರು. ಪಕ್ಷ ಗೆದ್ದಿತು. ಸ್ವತಃ ಆಕೆ ಯಾವ ಕ್ಷೇತ್ರದಿಂದಲೂ ನಿಂತಿರಲಿಲ್ಲ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮೂಲಕ ಒಳಗೆ ಬಂದರು. 1960ರ ಜುಲೈ 21ಕ್ಕೆ ಪ್ರಮಾಣ ವಚನ.

ಇದು ನಮಗೆ ಹೊಸದೇನಲ್ಲ. ನಮ್ಮ ಕುಂದಗೋಳದಲ್ಲೇ 2019ರಲ್ಲಿ ಸಚಿವ ಸಿ.ಎಸ್. ಶಿವಳ್ಳಿ ತೀರಿಕೊಂಡ ಮೇಲೆ ಉಪಚುನಾವಣೆಯಲ್ಲಿ ಅವರ ಪತ್ನಿ ಕುಸುಮಾ ಶಿವಳ್ಳಿ ಗೆದ್ದರು. ಕಟ್ಟೆ ಮೇಲೆ ಕೂತವರೆಲ್ಲ ಹೇಳಿದ್ದು ಒಂದೇ, ಅನುಕಂಪದ ಅಲೆ. ಅಷ್ಟು ಹೇಳಿದರೆ ಮುಗೀತು, ಆಮೇಲೆ ಆ ಹೆಣ್ಣುಮಗಳು ಏನು ಮಾಡಿದಳು ಅಂತ ನೋಡುವ ಕೆಲಸ ಯಾರಿಗೂ ಇಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಅನುಕಂಪ ಒಂದು ಸಲ ಬಾಗಿಲು ತೆಗೆಯುತ್ತದೆ, ಸರಿ. ಆದರೆ ಸಿರಿಮಾವೋ ಮೂರು ಸಲ ಪ್ರಧಾನಿ ಆದವರು. ನಲವತ್ತು ವರ್ಷ ಯಾರಾದರೂ ಅನುಕಂಪದ ಮೇಲೆ ರಾಜಕೀಯ ಮಾಡಲಿಕ್ಕೆ ಆಗುತ್ತದಾ?

ಚಿಗವ್ವನ ಕತೆ ಇಲ್ಲಿ ಹೇಳಲೇಬೇಕು. ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಮಹಿಳಾ ಮೀಸಲು ಬಂದಾಗ ಅವಳು ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆಗಿದ್ದವಳು. ಊರವರು "ಅಧ್ಯಕ್ಷರು ಬಂದ್ರು" ಅಂತ ಎದ್ದು ನಿಲ್ಲುತ್ತಿದ್ದದ್ದು ಕಾಕಾ ಬಂದಾಗ! "ಸಹಿ ನಂದು, ಮಾತು ನಿಮ್ಮ ಕಾಕಾಂದು" ಅಂತ ಈಗ ನಗುತ್ತಾಳೆ. ಒಂದೂವರೆ ವರ್ಷ ಹಾಗೇ ನಡೆಯಿತಂತೆ. ಒಂದು ದಿನ ಬೋರ್‌ವೆಲ್ ಬಿಲ್ಲಿಗೆ ಸಹಿ ಹಾಕು ಅಂದಾಗ, ಮೊದಲು ನೀರು ತೋರಿಸಿ ಅಂದಳಂತೆ. ನೀರು ಇರಲಿಲ್ಲ. ಸಹಿಯೂ ಬೀಳಲಿಲ್ಲ. ಕಾಕಾ ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ.

ಕೊಲಂಬೊದಲ್ಲೂ ಇಂಥದೇ ಮಾತಿತ್ತು. ಗಂಡನ ಸಂಬಂಧಿ ಫೆಲಿಕ್ಸ್ ಡಯಾಸ್ ಬಂಡಾರನಾಯಕೆ ಹಣಕಾಸು ಮಂತ್ರಿ. ಚುರುಕಿನ ಮನುಷ್ಯ, ಸರಕಾರ ನಡೆಸುವವರು ಅವರೇ ಅಂತ ಜನ ಆಡಿಕೊಳ್ಳುತ್ತಿದ್ದರು. 1962ರಲ್ಲಿ ರೇಷನ್ ಅಕ್ಕಿ ಕಡಿತ ಮಾಡಲಿಕ್ಕೆ ಹೋಗಿ ಅವರು ಆ ಖಾತೆ ಬಿಡಬೇಕಾಯಿತು. ಸಿರಿಮಾವೋ ಕುರ್ಚಿಯಲ್ಲೇ ಇದ್ದರು. ಅದೇ ವರ್ಷ ಕೆಲವು ಪೊಲೀಸ್ ಮತ್ತು ಸೇನಾ ಅಧಿಕಾರಿಗಳು ಸರಕಾರ ಉರುಳಿಸಲು ನೋಡಿದರು, ಅದೂ ಆಗಲಿಲ್ಲ. ವಿದೇಶಿ ತೈಲ ಕಂಪನಿಗಳ ಆಸ್ತಿಗೆ ಕೈ ಹಾಕಿದ್ದಕ್ಕೆ ಅಮೆರಿಕ ನೆರವು ನಿಲ್ಲಿಸಿತು. ಆಕೆ ಹಿಂದೆ ಸರಿಯಲಿಲ್ಲ. ಭಾರತ-ಚೀನಾ ಯುದ್ಧದ ನಂತರ, 1962ರ ಡಿಸೆಂಬರ್‌ನಲ್ಲಿ, ಸಿಲೋನ್ ಸೇರಿ ಆರು ಅಲಿಪ್ತ ದೇಶಗಳ ಸಭೆಯನ್ನು ಕೊಲಂಬೊದಲ್ಲಿ ಕರೆದು, ಆಮೇಲೆ ಪೀಕಿಂಗ್‌ಗೂ (ಈಗಿನ ಬೀಜಿಂಗ್) ದಿಲ್ಲಿಗೂ ತಾವೇ ಓಡಾಡಿ ರಾಜಿ ಮಾಡಿಸಲು ನೋಡಿದವರು ಈಕೆ. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ, ಅಲ್ವಾ?

ಆದರೆ ಸಹಿ ಆಕೆಯದು ಅಂದಮೇಲೆ ತಪ್ಪೂ ಆಕೆಯದೇ. ನಮ್ಮಂಥ ಭಾಷಾ ಸಂಘದವರು ಸ್ವಲ್ಪ ನಿಂತು ನೋಡಬೇಕಾದದ್ದು ಇದನ್ನು.

1956 ನಮಗೆ ಏಕೀಕರಣದ ವರ್ಷ. ಧಾರವಾಡದ ವಿದ್ಯಾವರ್ಧಕ ಸಂಘ 1890ರಿಂದ ಹೊತ್ತ ಕನಸು ಆ ನವೆಂಬರ್ 1ಕ್ಕೆ ಕೈಗೂಡಿತು. ಮುಂಬೈ ಸರಕಾರದ ಕೆಳಗೆ ಮರಾಠಿಯ ನೆರಳಲ್ಲಿ ಬದುಕಿದ ಹುಬ್ಬಳ್ಳಿ-ಧಾರವಾಡದವರಿಗೆ ಅದರ ಬೆಲೆ ಗೊತ್ತು. ಅದೇ 1956ರ ಜೂನ್‌ನಲ್ಲಿ ಸಿಲೋನ್ ಸಂಸತ್ತು ಸಿಂಹಳವೊಂದೇ ಆಡಳಿತ ಭಾಷೆ ಅಂತ ಕಾಯಿದೆ ಮಾಡಿತು. ಮಾಡಿದ್ದು ಗಂಡ, 1961ರ ಜನವರಿಯಿಂದ ಗಟ್ಟಿಯಾಗಿ ಜಾರಿ ಮಾಡಿದ್ದು ಹೆಂಡತಿ. ಕಾನ್ವೆಂಟಿನಲ್ಲಿ ಓದಿದ ಈಕೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು ಅನ್ನೋದು ಬೇರೆ ಮಾತು. ಉತ್ತರದ ತಮಿಳರು ಸತ್ಯಾಗ್ರಹ ಕೂತರು. ಆಕೆ ತುರ್ತು ಪರಿಸ್ಥಿತಿ ಹೇರಿ, ಸೈನ್ಯ ಕಳಿಸಿ, ನಾಯಕರನ್ನು ಬಂಧನದಲ್ಲಿಟ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ತಮಿಳು ಮಾಧ್ಯಮದ ಮಕ್ಕಳು ಸಿಂಹಳ ಮಾಧ್ಯಮದವರಿಗಿಂತ ಜಾಸ್ತಿ ಅಂಕ ತೆಗೆಯಬೇಕು ಅಂತಾಯಿತು.

ಮೆಲ್ಬರ್ನ್‌ನಲ್ಲಿ ನಮ್ಮ ಬೀದಿಯಲ್ಲಿ ಜಾಫ್ನಾ ಕಡೆಯ ಒಬ್ಬ ಹಿರಿಯರಿದ್ದಾರೆ. ಒಮ್ಮೆ ಈಕೆಯ ಹೆಸರು ಎತ್ತಿದೆ. ಅವರು ಜಗಳ ಮಾಡಲಿಲ್ಲ, ಬೈಯಲಿಲ್ಲ. ತಮ್ಮ ಅಂಕಪಟ್ಟಿಯ ಅಂಕಗಳನ್ನು ಒಂದೊಂದೇ ವಿಷಯ ಹಿಡಿದು ಬಾಯಿಪಾಠ ಒಪ್ಪಿಸಿದರು. ಐವತ್ತು ವರ್ಷ ಆದರೂ ಮರೆತಿಲ್ಲ. ನಮ್ಮ ರಾಜ್ಯೋತ್ಸವದ ಊಟಕ್ಕೆ ಅವರನ್ನು ಕರೆದಿದ್ದೆ, ಬಂದಿದ್ದರು, ಹೋಳಿಗೆ ಎರಡು ತಿಂದರು. ಭಾಷೆಯ ಬಗ್ಗೆ ನಮ್ಮ ಭಾಷಣಗಳನ್ನು ಕೇಳುತ್ತಾ ಅವರು ಏನು ಯೋಚಿಸಿರಬಹುದು ಅಂತ ನನಗೆ ಆವತ್ತು ಹೊಳೆಯಲೇ ಇಲ್ಲ.

ಇನ್ನೊಂದು ಸಹಿಯ ಗುರುತು ನಮ್ಮ ರಾಜ್ಯದಲ್ಲೇ ಇದೆ. 1964ರಲ್ಲಿ ಶಾಸ್ತ್ರೀಜಿ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಟೀ ತೋಟಗಳ ಭಾರತ ಮೂಲದ 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳಬೇಕು, 3,00,000 ಮಂದಿಗೆ ಅಲ್ಲೇ ಪೌರತ್ವ, ಉಳಿದವರದ್ದು ಆಮೇಲೆ ನೋಡೋಣ. ಜೋಳದ ಚೀಲ ಹಂಚಿಕೊಂಡ ಹಾಗೆ! ಹಾಗೆ ಬಂದವರ ಕುಟುಂಬಗಳು ಇವತ್ತಿಗೂ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿವೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1965ರಲ್ಲಿ ಸೋಲು, 1970ರಲ್ಲಿ ಭಾರೀ ಗೆಲುವು, 1971ರಲ್ಲಿ ಸಿಂಹಳ ಯುವಕರದೇ ದಂಗೆ, ಅದನ್ನು ರಕ್ತ ಹರಿಸಿಯೇ ಅಡಗಿಸಿದರು. 1972ರಲ್ಲಿ ಗಣರಾಜ್ಯ, ಶ್ರೀಲಂಕಾ ಅನ್ನೋ ಹೆಸರು. ಆಮೇಲೆ ಅಕ್ಕಿ, ಬ್ರೆಡ್ಡಿಗೆಲ್ಲ ಜನ ಪಾಳಿ ಹಚ್ಚಿದರು. ಬರಗಾಲದಲ್ಲಿ ರೇಷನ್ ಅಂಗಡಿ ಮುಂದೆ ನಿಂತ ಚಿಗವ್ವನಿಗೆ ಇದನ್ನು ವಿವರಿಸಬೇಕಾಗಲಿಲ್ಲ, "ಹೊಟ್ಟಿಗೆ ಹಾಕಲಿಲ್ಲಂದ್ರ ಓಟು ಯಾರು ಹಾಕ್ತಾರ?" ಅಂದಳು. 1977ರಲ್ಲಿ ಪಕ್ಷಕ್ಕೆ ಬಂದದ್ದು ಎಂಟೇ ಸೀಟು. 1980ರಲ್ಲಿ ಹೊಸ ಸರಕಾರ ಆಕೆಯ ನಾಗರಿಕ ಹಕ್ಕುಗಳನ್ನೇ ಏಳು ವರ್ಷಕ್ಕೆ ಕಿತ್ತುಕೊಂಡಿತು. ಇಷ್ಟಾದ ಮೇಲೂ 1988ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. 1994ರಲ್ಲಿ ಮಗಳು ಚಂದ್ರಿಕಾ ಅಧ್ಯಕ್ಷೆ, ತಾಯಿ ಮತ್ತೆ ಪ್ರಧಾನಿ. ಆದರೆ ಅಷ್ಟೊತ್ತಿಗೆ ಅಧಿಕಾರವೆಲ್ಲ ಅಧ್ಯಕ್ಷರ ಕೈಯಲ್ಲಿತ್ತು. 2000ದ ಆಗಸ್ಟ್‌ನಲ್ಲಿ ಹುದ್ದೆ ಬಿಟ್ಟರು. ಅಕ್ಟೋಬರ್ 10, ಚುನಾವಣೆ ದಿನ, ಓಟು ಹಾಕಿ ಮನೆಗೆ ಹೋಗುವಾಗ ತೀರಿಕೊಂಡರು.

ಇಷ್ಟು ಬರೆದು ಚಿಗವ್ವನಿಗೆ ಓದಿ ಹೇಳಿದೆ. ಬೋರ್‌ವೆಲ್ ಕತೆ ಬಂದಾಗ ಕಾಕಾನ ಫೋಟೊ ಕಡೆ ಒಂದು ಸಲ ನೋಡಿದಳು. ಪೂರ್ತಿ ಕೇಳಿ, "ನಿಮ್ಮ ಸಂಘದಾಗ ಅಧ್ಯಕ್ಷರು ಯಾರಪಾ?" ಅಂದಳು. ಹೆಸರು ಹೇಳಿದೆ. ಗಂಡಸು.

"ಕಾರ್ಯದರ್ಶಿ?"

ಗಂಡಸು.

"ಈ ಪೇಪರ್ ತರಾಂವ ನೀನು. ಮತ್ತ ಹೆಣ್ಮಕ್ಕಳು?"

ಊಟದ ಸಮಿತಿ ಅಂದೆ. ಅವಳು ಏನೂ ಅನ್ನಲಿಲ್ಲ. ಚಹಾ ನಾನೇ ಮಾಡ್ತೀನಿ ಅಂತ ಎದ್ದೆ.