ಗುಲಾಬಿಯಾದ ಕೆಂಪು ಬಸ್ಸು

ಮೈಸೂರು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿಯ ಸಮಾಚಾರವೆಲ್ಲ ನಿನ್ನಮ್ಮನಿಂದ ನಿನಗೆ ಮುಟ್ಟಿಯೇ ಇರುತ್ತದೆ, ಆದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಮಗುವಿನ ಆರನೆಯ ಹುಟ್ಟುಹಬ್ಬಕ್ಕೆ ಯಕ್ಷಗಾನದ ಕಿರೀಟದ ಕೇಕ್ ಮಾಡುವುದು ಹೇಗೆಂದು ನೀನು ಕೇಳಿರುವೆ. ಆದರೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ ಮಾತು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ. "ಕಳೆದ ವರ್ಷ ಮೇಣದಬತ್ತಿ ಆರಿಸುವಾಗ ಅವನು ನಕ್ಕನೋ ಇಲ್ಲವೋ ನನಗೆ ನೆನಪಿಲ್ಲ ದೊಡ್ಡಮ್ಮ, ನಾನು ಕೇಕ್ ಜಾರುತ್ತಿದೆಯೇ ಎಂದು ನೋಡುತ್ತಿದ್ದೆ. ಹೀಗೆಯೇ ಅವನು ದೊಡ್ಡವನಾಗಿಬಿಟ್ಟರೆ?" ಎಂದು ಬರೆದಿರುವೆ.

ಮೊದಲು ಬಣ್ಣ, ಅಳತೆ ಎಂದು ಒಂದು ಪುಟ ಬರೆದು ಹರಿದುಹಾಕಿದೆ. ನೀನು ಕೇಳಿದ್ದು ಅದನ್ನಲ್ಲವೆನ್ನಿಸಿತು. ಅಲ್ಲದೆ, ಈ ವಿಷಯದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೇ ಎಂಬ ಸಂಕೋಚವೂ ಇದೆ.

1987ರಲ್ಲಿ ನಾವು ಶಿವಮೊಗ್ಗದಲ್ಲಿದ್ದೆವು. ನನ್ನ ಮಗ, ಅಂದರೆ ನಿನ್ನಣ್ಣನಿಗೆ ಐದು ತುಂಬುವುದಿತ್ತು, ಅವನಿಗೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನ ಹುಚ್ಚು. ಮನೆಯಲ್ಲಿ ಓವನ್ ಇರಲಿಲ್ಲ. ಕುಕ್ಕರಿನ ತಳಕ್ಕೆ ಮರಳು ಹರಡಿ, ಗ್ಯಾಸ್ಕೆಟ್ಟನ್ನೂ ವಿಷಲ್ಲನ್ನೂ ತೆಗೆದು, ಸಣ್ಣ ಉರಿಯಲ್ಲಿ ಎರಡು ಸಲ ಕೇಕ್ ಬೇಯಿಸಿ, ತಣಿದ ಮೇಲೆ ಕತ್ತರಿಸಿ ಜೋಡಿಸಿ ಬಸ್ಸಿನ ಆಕಾರಕ್ಕೆ ತಂದೆ. ಐಸಿಂಗ್ ಎಂದರೆ ಆಗ ವನಸ್ಪತಿ ಮತ್ತು ಪುಡಿ ಸಕ್ಕರೆ. ರಟ್ಟೆ ಸೋಲುವವರೆಗೆ ತಿರುವಿದರೆ ಬೆಳ್ಳಗಾಗುತ್ತಿತ್ತು, ತಿಂದರೆ ಅಂಗುಳಿಗೆ ಮೆತ್ತಿಕೊಳ್ಳುತ್ತಿತ್ತು. ಹಾಲಿನ ಪ್ಯಾಕೆಟ್ ತೊಳೆದು ಮೂಲೆ ಕತ್ತರಿಸಿದರೆ ಅದೇ ಐಸಿಂಗ್ ಹಿಂಡುವ ಪೈಪಿಂಗ್ ಚೀಲ. ಚಕ್ರಗಳಿಗೆ ಮಾರಿ ಬಿಸ್ಕತ್ತು. ಬಣ್ಣದ ಸೀಸೆಯನ್ನು ಅರ್ಧ ಬಗ್ಗಿಸಿದರೂ ಬಿಳಿಯ ಐಸಿಂಗ್ ಕೆಂಪಾಗಲೊಲ್ಲದೆ ಗುಲಾಬಿಯಲ್ಲೇ ನಿಂತಿತು. ಅದೇ ಸಿಟ್ಟಿನಲ್ಲಿ ಕಿಟಕಿಗಳ ಗೆರೆ ಎಳೆಯುತ್ತಿದ್ದಾಗ ಅವನು ಹಿಂದಿನಿಂದ ಬಂದು ಬಸ್ಸಿನ ಮುಂಭಾಗಕ್ಕೆ, ದೀಪ ಬರಬೇಕಾದ ಜಾಗಕ್ಕೇ, ಬೆರಳು ಅದ್ದಿದ. ನಾನು ಆ ಕೈಯ ಮೇಲೆ ಚಟ್ಟೆಂದು ಹೊಡೆದೆ.

ಫೋಟೊ ಈಗಲೂ ಇದೆ. 36 ಫೋಟೊಗಳ ರೋಲಿನಲ್ಲಿ ಕೊನೆಯ ನಾಲ್ಕನ್ನು ಕೇಕಿಗೆಂದೇ ಉಳಿಸಿಕೊಂಡಿದ್ದೆವು, ಮೂರರಲ್ಲಿ ಬರಿಯ ಬಸ್ಸೇ ಇದೆ. ನಾಲ್ಕನೆಯದರಲ್ಲಿ ಅವನಿದ್ದಾನೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾನೆ, ಕೇಕನ್ನು ನೋಡದೆ ನನ್ನ ಕೈಯನ್ನು ನೋಡುತ್ತಿದ್ದಾನೆ. ಅಂದು ಅವನು ನಕ್ಕಿದ್ದನೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿಯೂ ಉತ್ತರವಿಲ್ಲ, ಪುಟ್ಟಿ. ಬಸ್ಸಿಗೆ ಎಷ್ಟು ಕಿಟಕಿಗಳಿದ್ದವೆಂದು ಕೇಳಿದರೆ ಈಗಲೂ ಹೇಳಬಲ್ಲೆ: ಪಕ್ಕಕ್ಕೆ ಏಳು.

ಇನ್ನು ಕಿರೀಟದ ಮಾತು. ಮೊಮ್ಮಕ್ಕಳಿಗೆಂದು ಈ ವಯಸ್ಸಿನಲ್ಲಿ ಕಲಿತದ್ದಷ್ಟೇ ನನ್ನ ವಿದ್ಯೆ, ನಿನಗೆ ಇದೆಲ್ಲ ಗೊತ್ತಿದ್ದರೆ ದಾಟಿಸಿ ಓದು. ಶ್ರಾವಣದ ಮಳೆಯಲ್ಲಿ, ಅದೂ ಮಂಗಳೂರಿನ ಗಾಳಿಯಲ್ಲಿ, ಸಕ್ಕರೆಯ ಕಣಕದಂಥ ಫಾಂಡೆಂಟಿನ ಕಿರೀಟವನ್ನು ನೆಟ್ಟಗೆ ನಿಲ್ಲಿಸುವುದು ಮಹಾ ಸಾಹಸ. ಅದು ಸಕ್ಕರೆಯಾದ್ದರಿಂದ ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಫ್ರಿಜ್ಜಿನಿಂದ ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ತಂಪಾದ ಮೈಮೇಲೆ ನೀರು ಕೂತು ಬೆವರಿದಂತಾಗಿ, ಕಪ್ಪು ಬಣ್ಣ ಕೆಂಪಿನ ಮೇಲೆ ಇಳಿಯುತ್ತದೆ. ಕೆಳಗಿರುವುದು ವಿಪ್ಪಿಂಗ್ ಕ್ರೀಮ್ ಆದರೆ ಇನ್ನೂ ಬೇಗ ಜಾರುತ್ತದೆ, ಕಳೆದ ವರ್ಷ ನಿನ್ನ ರೈಲಿನ ಕೇಕ್ ಜಾರಿದ್ದೂ ಹೀಗೆಯೇ ಇದ್ದೀತು. ಮಗುವಿಗೆ ಒಪ್ಪಿಗೆಯಾದರೆ ದೊಡ್ಡ ಕಿರೀಟದ ಬದಲು, ಅಭಿಮನ್ಯುವಿನಂಥ ಎಳೆಯ ವೀರರು ಕಟ್ಟುವ ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನು ಮಾಡಬಹುದಲ್ಲವೇ? ಅದನ್ನು ಕೇಕಿನ ಮೇಲೆ ಮಲಗಿಸಿ ಬರೆದರೆ ಸಾಕು, ನಿಲ್ಲಿಸುವ ಗೋಜಿಲ್ಲ. ಬೀಳಲು ಏನೂ ಇಲ್ಲದಿದ್ದರೆ ಬೀಳುತ್ತದೆಯೋ ಎಂದು ನೋಡುತ್ತಲೂ ನಿಲ್ಲಬೇಕಾಗಿಲ್ಲ. ಕೆಂಪಿಗೆ ಜೆಲ್ ಬಣ್ಣ ಕಲಸಿ ಹಿಂದಿನ ರಾತ್ರಿಯೇ ಇಟ್ಟುಬಿಡು, ಬೆಳಗಾಗುವಷ್ಟರಲ್ಲಿ ತಾನೇ ಗಾಢವಾಗುತ್ತದೆ. ಕೆಂಪಾಗಲಿಲ್ಲವೆಂದು ಸುರಿಯುತ್ತ ಹೋದರೆ ಕಹಿಯಾಗುತ್ತದೆ.

ನೋಡು, ಮತ್ತೆ ಬಣ್ಣಕ್ಕೇ ಹೋದೆ. ಹೀಗೆಯೇ ಆಗುವುದು.

ನನ್ನಮ್ಮ, ಅಂದರೆ ನಿನ್ನಜ್ಜಿ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುತ್ತಿದ್ದಳು. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಮರದ ಅಚ್ಚುಗಳಲ್ಲಿ ಹೊಯ್ದರೆ ಆನೆ, ಕುದುರೆ, ತುಳಸಿಕಟ್ಟೆ ಏಳುತ್ತಿದ್ದವು. ಅಚ್ಚು ಬಿಡಿಸುವಾಗ ನಾವು ಮಕ್ಕಳೆಲ್ಲ ಸುತ್ತ ಕೂತು, ಆನೆಯ ಸೊಂಡಿಲು ಮುರಿಯಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆವು. ಮುರಿದದ್ದು ನಮ್ಮ ಪಾಲು, ಸರಿಯಾಗಿದ್ದದ್ದು ಎಳ್ಳು ಬೀರುವ ತಟ್ಟೆಯ ಪಾಲು. ಅಮ್ಮನಿಗೆ ಅದು ತಿಳಿದಿತ್ತೆಂದು ಕಾಣುತ್ತದೆ, ಏಕೆಂದರೆ ನಮ್ಮ ಮುಖ ನೋಡಿಕೊಂಡೇ ಬಿಡಿಸುತ್ತಿದ್ದಳು. ನನಗೆ ಆ ಕಲೆ ಬರಲಿಲ್ಲ. ನನಗೆ ಕಿಟಕಿಗಳೇ ದೊಡ್ಡವಾದವು. ಕೇಕನ್ನು ಮಟ್ಟಸ ಮಾಡುವಾಗ ಕತ್ತರಿಸುವ ಮೇಲಿನ ಉಬ್ಬು ಉಳಿಯುತ್ತದಲ್ಲ, ಅದನ್ನೂ ಸ್ವಲ್ಪ ಐಸಿಂಗನ್ನೂ ನಿನ್ನ ಮಗುವಿಗೆ ಒಂದು ತಟ್ಟೆಯಲ್ಲಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೋ. ಕೆಲಸ ತಡವಾಗುತ್ತದೆ, ನಿಜ.

ನಿನ್ನ ಭಯ ಸುಳ್ಳೆಂದು ನಾನು ಹೇಳಲಾರೆ, ಹೇಳಿದರೆ ಮೋಸವಾಗುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟವಳು ಮೂರನೆಯ ಸಂಜೆ ಏನನ್ನೂ ನೋಡುವುದಿಲ್ಲ, ಕಣ್ಣು ತೆರೆದಿರುತ್ತದೆ ಅಷ್ಟೆ. ಹಿಂದಿನ ದಿನ ಸಂಜೆಗೇ ಅಲಂಕಾರ ಮುಗಿಯುವಷ್ಟು ಚಿಕ್ಕದನ್ನು ಆರಿಸಿಕೊಳ್ಳಲು ನೋಡು. ಇನ್ನೊಂದು, ಇದನ್ನು ಹೇಳಿದರೆ ನಗಬೇಡ: ನಾವೆಲ್ಲ ಮಗುವಿನ ಬೆನ್ನ ಹಿಂದೆ ನಿಂತು, ಅದರ ಕೈ ಹಿಡಿದು ಚಾಕು ಆಡಿಸುತ್ತೇವೆ. ಹಿಂದೆ ನಿಂತವಳಿಗೆ ಕಾಣುವುದು ತಲೆಯ ಸುಳಿ ಮತ್ತು ಕೇಕ್, ಎರಡೇ. ಈ ಸಲ ಕೈ ಹಿಡಿಯುವ ಕೆಲಸವನ್ನು ಅಳಿಯಂದಿರಿಗೆ ಬಿಟ್ಟು ನೀನು ಮೇಜಿನ ಆಚೆ ಬದಿಗೆ ಹೋಗಿ ನಿಲ್ಲು. ಅವನು ನಗದೆಯೂ ಇರಬಹುದು. ಆರು ವರ್ಷದ ಮಕ್ಕಳು ಊದುವಾಗ ಬಹಳ ಗಂಭೀರವಾಗಿರುತ್ತವೆ.

ನಿನ್ನಣ್ಣ ಭಾನುವಾರ ಭಾನುವಾರ ಫೋನ್ ಮಾಡುತ್ತಾನೆ. ಆ ಬಸ್ಸು ನೆನಪಿದೆಯೇನೋ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದಿದೆ. ಅಷ್ಟರಲ್ಲಿ ಅವನು ನನ್ನ ಮಂಡಿನೋವಿನ ವಿಷಯ ಎತ್ತುತ್ತಾನೆ.

ಇಂತು ನಿನ್ನ
ದೊಡ್ಡಮ್ಮ

ತಾ.ಕ.: ಫಾಂಡೆಂಟೇ ಆಗಬೇಕೆಂದು ಮಗು ಹಟ ಹಿಡಿದರೆ ಅದರ ಕೆಳಗೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್, ಸವರು. 400 ಗ್ರಾಂ ಡಾರ್ಕ್ ಚಾಕೊಲೇಟಿಗೆ 200 ಗ್ರಾಂ ಕ್ರೀಮ್ ಸಾಕು, ಬಿಳಿ ಚಾಕೊಲೇಟಾದರೆ ಅದು ಕ್ರೀಮಿನ ಮೂರು ಪಟ್ಟು ಬೇಕು. ನಿನ್ನಮ್ಮ ಬರುವಾಗ ಐಸಿಂಗ್ ಹಿಂಡುವ ನನ್ನ ನಾಜಲ್‌ಗಳ ಡಬ್ಬಿ ಕಳಿಸುತ್ತೇನೆ. ಅದರ ಮುಚ್ಚಳ ಸಡಿಲ, ಹುಷಾರಾಗಿ ತೆಗೆ.